ರೂಮಲ್ಲಿ ಫುಲ್ ಹೊಗೆ

ಮಧ್ಯಾಹ್ನ ಎರಡೂಮುಕ್ಕಾಲು ಗಂಟೆ. ಹೋದ ವರ್ಷ ನಮ್ಮ ಪದವಿಯ ಐದನೇ ಸೆಮಿಸ್ಟರ್ ಫಲಿತಾಂಶ ಬಂದ ದಿನ. ನಾನು ಮತ್ತು ಜಗಳೂರಿನ ಶಿಲ್ಪಾ ಹೊನ್ನಾಳಿಯಲ್ಲಿ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆವು. ಬೆಳಿಗ್ಗೆಯಿಂದ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು: ಹೊಗೆ. ಫೇಲಾದರೂ, ಸಿಕ್ಕಿಬಿದ್ದರೂ, ಕಥೆ ಮುಗಿದರೂ ನಾವು ತಮಾಷೆಗೆ ಹಾಗೇ ಅನ್ನುತ್ತಿದ್ದೆವು. ‘ಎರಡು ಸಬ್ಜೆಕ್ಟ್ ಹೊಗೆ’, ‘ಅಪ್ಪಂಗೆ ಗೊತ್ತಾದ್ರೆ ನಾನೇ ಹೊಗೆ’. ಒಂದು ಸಬ್ಜೆಕ್ಟ್ ಕಳೆದುಕೊಂಡಿದ್ದ ಶಿಲ್ಪಾ ಅತ್ತು ಅತ್ತು ಮಲಗಿಬಿಟ್ಟಿದ್ದಳು.

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತೆಂದು ಬಾಗಿಲು ತೆರೆದೆ. ಮೆಟ್ಟಿಲ ಕೆಳಗೆ ಚಾರ್ಜಿಗಿಟ್ಟಿದ್ದ ಮಾಲೀಕರ ಎಲೆಕ್ಟ್ರಿಕ್ ಸ್ಕೂಟರ್ ಉರಿಯುತ್ತಿತ್ತು. ಕಪ್ಪು ಹೊಗೆ ಮುಖಕ್ಕೆ ರಾಚಿತು. ಬಾಗಿಲು ಹಾಕಿಕೊಂಡರೂ ಸಂದಿಯಿಂದ ನುಗ್ಗುತ್ತಲೇ ಇತ್ತು. ಇಳಿಯಲು ಬೇರೆ ದಾರಿಯಿಲ್ಲ. ಹಿತ್ತಲ ಕಡೆಯ ಒಂದೇ ಕಿಟಕಿಗೆ ಕಬ್ಬಿಣದ ಸರಳು. ಕೂಗಲು ಹೋದರೆ ಬರೀ ಕೆಮ್ಮು. ಮಾಲೀಕರು ಫೋನೆತ್ತಲಿಲ್ಲ. ಗುಂಪಿಗೆ ಬರೆದೆ: ‘ರೂಮಲ್ಲಿ ಫುಲ್ ಹೊಗೆ. ಬೇಗ ಬರ್ರೇ.’

ನಗುವ ಹಳದಿ ಮುಖಗಳು ಸಾಲಾಗಿ ಬಂದವು. ‘ಎಷ್ಟು ಸಬ್ಜೆಕ್ಟ್?’ ‘ನಮ್ಮನೇಲೂ ಹೊಗೆ, ಅಪ್ಪ ಬಂದ್ಮೇಲೆ ಬೆಂಕಿ!’ ಮತ್ತೆ ಬರೆಯೋಣವೆಂದರೆ ಕಣ್ಣು ಕಾಣಲಿಲ್ಲ. ಶಿಲ್ಪಾಳನ್ನು ಎಷ್ಟು ಅಲುಗಿಸಿದರೂ ಏಳಲಿಲ್ಲ. ಕಿಟಕಿಯತ್ತ ಎಳೆಯಲು ನನ್ನ ಕೈಲಾಗಲಿಲ್ಲ.

ಆಗ ನ್ಯಾಮತಿಯ ಮಂಜುಳಾಳ ಫೋನು ಬಂತು. ಬೆಳಿಗ್ಗೆ ನನ್ನ ಫಲಿತಾಂಶ ನೋಡಿ ಹೇಳಿದ್ದವಳು ಅವಳೇ. ಇನ್ನೂ ನಮ್ಮ ಬೀದಿ ತುದಿಯ ಸೈಬರ್ ಅಂಗಡಿಯಲ್ಲೇ ಇದ್ದಳು.

“ಲೇ, ನೀನು ಎಲ್ಲಾದ್ರಾಗೂ ಪಾಸಾಗಿದೀಯಲ್ಲೇ! ನಿಂದೆಂಥ ಹೊಗೆನೇ?”

ನಾನು ಕೆಮ್ಮಿದೆ, ಅಷ್ಟೇ.

“ಅಯ್ಯೋ, ನಿಜವಾದ್ ಹೊಗೆನಾ!” ಎಂದವಳು ಬೀದಿಯಲ್ಲಿ ಕೂಗುತ್ತಾ ಓಡಿದ್ದು ಫೋನಿನಲ್ಲೇ ಕೇಳಿಸಿತು. “ಅಣ್ಣಾ, ಬರ್ರೀ! ಮ್ಯಾಲೆ ಹುಡುಗೇರು ಅದಾರೆ!”

ಜನ ಹಿತ್ತಲಿಗೆ ಏಣಿ ತಂದು, ಹಾರೆಯಿಂದ ಸರಳು ಮೀಟಿ ಕಿತ್ತರು. ಮೊದಲು ಶಿಲ್ಪಾಳನ್ನು ಇಳಿಸಿದರು. ಅವಳ ಮೂಗಿನ ಸುತ್ತ ಮಸಿ ಮೆತ್ತಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. ನಗುವ ಮುಖ ಕಳಿಸಿದ್ದವರು ಹಾಸಿಗೆ ಪಕ್ಕ ತಲೆತಗ್ಗಿಸಿ ನಿಂತಾಗ ಫೋನಿನಲ್ಲಿ ಬರೆದು ತೋರಿಸಿದಳು: ‘ಬಿಡ್ರೇ, ನಾನಾಗಿದ್ರೂ ನಗ್ತಿದ್ದೆ.’ ಅವಳ ದನಿ ಇವತ್ತಿಗೂ ಮೊದಲಿನಂತಿಲ್ಲ.

ನನಗೆ ನಿದ್ದೆಯೇ ಹೋಯಿತು. ಕಣ್ಣು ಮುಚ್ಚಿದರೆ ಆ ಹಳದಿ ಮುಖಗಳು ಒಂದೊಂದಾಗಿ ಮೇಲೇರುತ್ತಿದ್ದವು.

ಶಿಲ್ಪಾ ಉಳಿದ ಸಬ್ಜೆಕ್ಟನ್ನು ಮತ್ತೆ ಬರೆದಳು. ಅದರ ಫಲಿತಾಂಶದ ದಿನ ಗುಂಪು ಬೆಳಿಗ್ಗೆಯಿಂದ ಸುಮ್ಮನಿತ್ತು. ಸಂಜೆ ಅವಳ ಸಂದೇಶ ಬಂತು: ‘ಮತ್ತೆ ಫೇಲ್ ಕಣ್ರೇ.’

ಹೊಗೆ ಅಂತ ಬರೆದಿರಲಿಲ್ಲ. ಫೇಲ್ ಅಂದರೆ ಫೇಲ್, ಬೇರೇನೂ ಅಲ್ಲ. ಅವತ್ತು ರಾತ್ರಿ ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ.