ಹಳದಿ ನೀರು ಕುಡಿದ ಗದ್ದೆ

ಕಾಕಾನ ಬೆರಳುಗಳ ಗೆಣ್ಣಿನ ಮೇಲೆ, ಮಣಿಕಟ್ಟಿನ ಸುತ್ತ, ಜೋಳದ ಕಾಳು ಕೂರುವಷ್ಟು ದುಂಡನೆಯ ತೂತುಗಳಿದ್ದವು. ರಕ್ತವಿಲ್ಲ, ಕೀವಿಲ್ಲ, ಅಂಚು ಮಾತ್ರ ಗಟ್ಟಿಯಾಗಿ ಬೆಳ್ಳಗಾಗಿತ್ತು. ಮೂಗಿನ ಹೊಳ್ಳೆಗಳ ನಡುವಿನ ಗೋಡೆಯೂ ತೂತಾಗಿ, ಉಸಿರೆಳೆದಾಗಲೆಲ್ಲ ಸಣ್ಣಗೆ ಸೀಟಿ ಊದಿದ ಹಾಗೆ ಕೇಳುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದಕ್ಕೆ ನಗುತ್ತಿದ್ದೆ. ಕ್ರೋಮ್ ತೊಟ್ಟಿಯ ಹಬೆ ಮನುಷ್ಯನ ಮಾಂಸವನ್ನು ಹಾಗೆ ತಿನ್ನುತ್ತದೆಂದು ತಿಳಿದಾಗ ನಗು ನಿಂತಿತು. ಆ ಜಾಗಕ್ಕೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ.

ಅವರು ನಮಗೆ ರಕ್ತಸಂಬಂಧಿಯಲ್ಲ. ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಎದುರುಮನೆಯವರು. ಬೆಳಗಾವಿ ಕಡೆಯ ಹಳ್ಳಿಯಿಂದ ಹುಡುಗುತನದಲ್ಲೇ ಇಚಲಕರಂಜಿಗೆ ಹೋಗಿ ಮಗ್ಗ ನಡೆಸಿದವರು, ಆಮೇಲೆ ಮಗ್ಗದ ಬಿಡಿಭಾಗಗಳಿಗೆ ಹೊಳಪು ಕೊಡುವ ಪ್ಲೇಟಿಂಗ್ ಕಾರಖಾನೆ ಸೇರಿದವರು. ಅಲ್ಲಿ ಗಟಾರದ ನೀರಿನ ಬಗ್ಗೆ ಜನ ತಕರಾರು ಎತ್ತಿದ ಮೇಲೆ ಮಾಲಕರು ತೊಟ್ಟಿಗಳನ್ನೆಲ್ಲ ಹೊತ್ತು ನಮ್ಮೂರ ಹೊರಗಿನ ಹಳ್ಳದ ದಂಡೆಗೆ ತಂದಿಟ್ಟರು. ಜೊತೆಗೆ ಕಾಕಾನನ್ನೂ ತಂದರು. ಆ ಮಾಲಕರನ್ನು ಎಲ್ಲರೂ ಶೇಟಜಿ ಎನ್ನುತ್ತಿದ್ದರು.

ಕಾಕಾ ಕೆಲಸದ ಅಂಗಿಯನ್ನು ಮನೆಯೊಳಗೆ ತರುತ್ತಿರಲಿಲ್ಲ. ಹಿತ್ತಿಲ ಗೂಟಕ್ಕೆ ಸಿಕ್ಕಿಸಿ, ಕೈಯನ್ನು ಮೂರು ಸಲ ಬೂದಿಯಲ್ಲಿ ತಿಕ್ಕಿ ತೊಳೆದ ಮೇಲೆಯೇ ಚಹಾ. ಎತ್ತುಗಳಿಗೆ ನೀರು ತೋರಿಸುವ ಮುಂಚೆ ಬೊಗಸೆಯಲ್ಲಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಬಣ್ಣ ಹೋತಂದ್ರ ಇಷಾ ಹೋತಂತ ತಿಳೀಬ್ಯಾಡ್ರಿ" ಎಂದು ನಮಗೆಲ್ಲ ಹೇಳುತ್ತಿದ್ದರು.

ಕಾರಖಾನೆಯ ಕೆಳಗೆ, ಅದೇ ಹಳ್ಳದ ಮಗ್ಗುಲಿಗೆ, ಕಾಕುಗೆ ತವರಿನಿಂದ ಬಂದ ಭತ್ತದ ಗದ್ದೆಯಿತ್ತು. ಕಾಕು ಅಂದರೆ ಕಾಕಾನ ಹೆಂಡತಿ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಆಕೆ ಕಿತ್ತ ಸಸಿಗಳನ್ನು ಸೆರಗಿನಲ್ಲಿ ತಂದು ಕಾಕಾನ ಎದುರಿಗೆ ಸುರಿದಳು. ಎಲೆಗಳು ಹಳದಿಯಾಗಿದ್ದವು, ಬೇರು ಮೊಂಡಾಗಿ ಕಂದಿದ್ದವು.

"ನೀವು ಸುರವೂದು, ನಾ ನಾಟಿ ಹಚ್ಚೂದು. ಎಷ್ಟ್ ವರ್ಷರೀ ಇದು?"

ಕಾಕಾ ಒಂದು ಸಸಿಯ ಬೇರನ್ನು ಬೆರಳಲ್ಲಿ ತಿರುವಿ ನೋಡಿದರು. ಆ ದಿನ ಊಟಕ್ಕೂ ಏಳಲಿಲ್ಲ. ವಾರಕ್ಕೊಮ್ಮೆ ತೊಟ್ಟಿ ತೊಳೆದ ಹಳದಿ ನೀರನ್ನು ಗಟಾರಕ್ಕೆ ಬಿಡುತ್ತಿದ್ದುದು ಅವರದೇ ಕೈ.

ಮರುದಿನ ಅವರು ಶೇಟಜಿಯನ್ನು ಕಂಡರು. ಒಂದು ಹೊಂಡ ತೋಡಿಸಿ, ನೀರಿಗೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಹಾಕಿದರೆ ಹಳದಿ ಹೋಗಿ ಹಸಿರಾಗುತ್ತದೆ, ಮೇಲೆ ಸುಣ್ಣ ಹಾಕಿದರೆ ಲೋಹವೆಲ್ಲ ರಾಡಿಯಾಗಿ ತಳಕ್ಕೆ ಕೂರುತ್ತದೆ, ತಿಳಿನೀರನ್ನಷ್ಟೇ ಹೊರಗೆ ಬಿಡೋಣ ಎಂದರು. ಇಚಲಕರಂಜಿಯಲ್ಲಿ ಒಬ್ಬ ಹಳೆಯ ಕೆಲಸಗಾರ ಇದನ್ನು ಬಕೆಟ್ಟಿನಲ್ಲಿ ಮಾಡಿ ತೋರಿಸಿದ್ದನಂತೆ. ಶೇಟಜಿ ಕೈಯಲ್ಲಿದ್ದ ಸೈಕಲ್ ಹ್ಯಾಂಡಲ್ಲಿನ ಹೊಳಪು ನೋಡುತ್ತಲೇ ಅಂದರಂತೆ: "ನೀ ಪ್ಲೇಟಿಂಗ್ ಮಾಡಾಂವೋ ಡಾಕ್ಟರೋ? ಹಳ್ಳಾ ಹರೀತೈತಿ, ತಾನ ತೊಳಕೋತೈತಿ. ಜಾ, ಕಾಮ್ ಕರ್."

ಆಗ ನಾನು ಕೊಲ್ಲಾಪುರದ ಒಂದು ಮಣ್ಣು ಪರೀಕ್ಷಾ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಶನಿವಾರ ಊರಿಗೆ ಬಂದಾಗ ಕಾಕಾ ಬಟ್ಟೆಯ ಚೀಲದಲ್ಲಿ ಗದ್ದೆಯ ಮಣ್ಣು ಕಟ್ಟಿಕೊಟ್ಟರು. "ತಂಗಿ, ಇದರಾಗ ಏನ್ ಐತಿ ಅಂತ ಸರಕಾರದ ಕಾಗದದ ಮ್ಯಾಲ ಬರಸ್ಕೊಂಡ್ ಬಾ. ನಾ ಹೇಳಿದ್ರ ಯಾರೂ ಕೇಳವಲ್ರು."

ನಾವು ಪರೀಕ್ಷೆ ಮಾಡಿದೆವು. ಹುಳಿ ಎಷ್ಟು, ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟು ಎಂದು. ಪ್ಲೇಟಿಂಗಿನ ಕ್ರೋಮ್, ನಿಕ್ಕಲ್ ನೋಡಬೇಕಲ್ಲವೇ ಸಾಹೇಬರೇ ಎಂದು ನಾನು ಅಧಿಕಾರಿಯನ್ನು ಕೇಳಿದೆ. ಅವರು ಫಾರಮ್ಮನ್ನು ನನ್ನ ಕಡೆ ತಿರುಗಿಸಿ, "ಇದರಾಗ ಆ ಕಾಲಮ್ ಎಲ್ಲೈತಿ, ತೋರ್ಸು" ಎಂದರು. ಇರಲಿಲ್ಲ. ನಾನು ನನ್ನ ಕೈಯಿಂದಲೇ, ದುಂಡನೆಯ ಅಕ್ಷರಗಳಲ್ಲಿ, "ಭತ್ತಕ್ಕೆ ಯೋಗ್ಯ" ಎಂದು ಕಾರ್ಡು ಬರೆದೆ.

ಸುದ್ದಿ ಹೇಗೋ ತಿಳಿದು ಶೇಟಜಿ ಕಚೇರಿಗೆ ಬಂದು ಅದರ ನಕಲು ಒಯ್ದರು. ಕಾರಖಾನೆಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದರು. ಯಾರಾದರೂ ಗಟಾರದ ಮಾತೆತ್ತಿದರೆ ಅದರ ಕಡೆಗೆ ಬೆರಳು ತೋರಿಸುತ್ತಿದ್ದರು.

ಕಾಕಾನಿಗೆ ಮುಖ ತೋರಿಸಲು ನನಗೆ ಎರಡು ವಾರ ಬೇಕಾಯಿತು. ಅವರು ಬೈಯಲಿಲ್ಲ. ಕಾರ್ಡನ್ನು ನನ್ನಿಂದಲೇ ಓದಿಸಿ ಕೇಳಿದರು. ಆಮೇಲೆ, "ಕಾರ್ಡೇನ್ ಸುಳ್ಳ ಹೇಳಿಲ್ಲ, ತಂಗಿ. ನೀವು ಕೇಳಿದ್ದಕ್ಕ ಉತ್ತರಾ ಕೊಟ್ಟೈತಿ. ಕೇಳಬೇಕಾದ್ದ ನೀವು ಕೇಳಿಲ್ಲ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೇಳಬೇಕಾದ್ದನ್ನು ಕೇಳಲು ನಾನು ಗದ್ದೆಯ ಮಣ್ಣನ್ನೂ ಅಲ್ಲಿ ಬೆಳೆದ ಅಕ್ಕಿಯನ್ನೂ ಹಿಡಿದು ಕೊಲ್ಲಾಪುರದ ಒಂದು ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕಿಯ ಬಳಿ ಹೋದೆ. ಅವರು ಬಿಡುವಿನಲ್ಲಿ ಪರೀಕ್ಷೆ ಮಾಡಿ, ಮಣ್ಣಿನಲ್ಲೂ ಅಕ್ಕಿಯಲ್ಲೂ ಎರಡೂ ಲೋಹಗಳಿವೆ, ತಿನ್ನಬೇಡಿ ಎಂದು ಕಾಗದದ ಮೇಲೆ ಬರೆದುಕೊಟ್ಟರು. ಹೆಚ್ಚಿನದೆಲ್ಲ ಮೇಲಿನ ಒಂದು ಗೇಣು ಮಣ್ಣಿನಲ್ಲಿದೆ ಎಂದೂ ಹೇಳಿದರು.

ಕಾಕಾ ಮೊದಲು ಹಳ್ಳದ ನೀರು ಗದ್ದೆಗೆ ಬರುವ ಕಾಲುವೆಗೆ ಅಡ್ಡ ಒಡ್ಡು ಹಾಕಿದರು. ಬೇಸಿಗೆಯಲ್ಲಿ ಗಂಡ ಹೆಂಡತಿ ಸೇರಿ ಆ ಒಂದು ಗೇಣು ಮಣ್ಣನ್ನು ಸಲಿಕೆಯಿಂದ ಕೆರೆದರು. ಮೊದಲನೇ ಚಕ್ಕಡಿಯನ್ನು ಕಾಕಾ ನೇರ ಕಾರಖಾನೆಯ ಬಾಗಿಲಿಗೆ ಹೊಡೆದುಕೊಂಡು ಹೋಗಿ, ಹಾಡುಹಗಲೇ, ಎಲ್ಲ ಕೆಲಸಗಾರರ ಎದುರಿಗೆ ಸುರಿದರು.

"ಶೇಟಜಿ, ನಿಮ್ಮ ಮಾಲು. ಸಿಮೆಂಟ್ ನೆಲದ ಮ್ಯಾಲ ಇಟ್ಟು ಮುಚ್ಚಿ ಕಾಯ್ರಿ. ಕೆಲಸಾನೂ ಇವತ್ತಿಗೆ ಬಿಟ್ಟೇನ್ರಿ."

ಶೇಟಜಿ ಮರುದಿನವೇ ಆ ಮಣ್ಣನ್ನು ಹಳ್ಳಕ್ಕೆ ತಳ್ಳಿಸಿದರು. ಕಾಕಾ ದಂಡೆಯ ಮೇಲೆ ನಿಂತು ನೋಡಿದರಂತೆ. ತಪ್ಪು ನಂದು, ಅವರ ಕೈಗೆ ಕೊಡಬಾರದಿತ್ತು ಎಂದು ಬಹಳ ದಿನ ಹಳಹಳಿಸಿದರು. ಉಳಿದ ಮಣ್ಣಿಗೆ ಗದ್ದೆಯ ಎತ್ತರದ ಮೂಲೆಯಲ್ಲಿ, ನೀರು ಏರದ ಕಡೆ, ಗುಂಡಿ ತೋಡಿ ಒಳಗೆಲ್ಲ ಜೇಡಿ ಮೆತ್ತಿ ಹೂತರು.

ಮುಂದಿನ ವರ್ಷಗಳಲ್ಲಿ ಅವರು ಗದ್ದೆಗೆ ಸಗಣಿಗೊಬ್ಬರ ಹಾಕಿದರು, ಸುಣ್ಣ ಹಾಕಿದರು, ಬಿದ್ರಿ ಕಡೆಯಿಂದ ಮಳಿ ತರಿಸಿ ಹಾಕಿದರು. ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಕರಿ ಮಡ್ಡಿಗೆ ನಮ್ಮಲ್ಲಿ ಮಳಿ ಎನ್ನುತ್ತಾರೆ. ನೀರು ಬಾವಿಯದು ಮಾತ್ರ. ಪ್ರತಿ ಸುಗ್ಗಿಗೆ ಒಂದು ಹಿಡಿ ಭತ್ತ ನನ್ನ ಚೀಲದಲ್ಲಿ ಕೊಲ್ಲಾಪುರಕ್ಕೆ ಹೋಗುತ್ತಿತ್ತು. ಉಳಿದದ್ದು ಗುಂಡಿಗೆ. ತನ್ನ ಕೈಯಾರೆ ನೆಟ್ಟು ಕೊಯ್ದ ಭತ್ತದ ಮೇಲೆ ಮಣ್ಣು ಎಳೆಯುವಾಗ ಕಾಕು ಪ್ರತಿ ವರ್ಷವೂ ಅತ್ತಳು.

ಓಣಿಯವರೊಬ್ಬರು, "ನೀವು ತಿನ್ನಬ್ಯಾಡ್ರಿ, ಕೊಲ್ಲಾಪೂರದ ಪ್ಯಾಟ್ಯಾಗ ಮಾರ್‍ರಿ, ಯಾರಿಗ್ ಗೊತ್ತಾಗತೈತಿ" ಎಂದರು. ಕಾಕಾ ಸಿಟ್ಟಾದದ್ದನ್ನು ನಾನು ನೋಡಿದ್ದು ಆಗ ಒಮ್ಮೆ ಮಾತ್ರ. "ಕೊಲ್ಲಾಪೂರದ ಮಂದಿಗೆ ಮಕ್ಕಳಿಲ್ಲೇನು?" ಎಂದರು. ಆ ಮನುಷ್ಯನಿಗೆ ತರಿಸಿದ್ದ ಚಹಾವನ್ನು ಒಳಗೆ ವಾಪಸ್ ಕಳಿಸಿದರು.

ನಾಲ್ಕನೆಯ ಬೆಳೆಯನ್ನು ನೋಡಿ ಅಧ್ಯಾಪಕಿ, ಈಗ ಬಹಳ ಇಳಿದಿದೆ, ತಿನ್ನಬಹುದು ಎಂದರು. ನಾನು ಬಸ್ಸಿಳಿದು ಓಡಿಬಂದು ಹೇಳಿದೆ. ಕಾಕಾ ಭತ್ತವನ್ನು ಅಂಗೈಯಲ್ಲಿ ತಿರುವಿ ನೋಡಿ, "ಇನ್ನೊಂದ ವರ್ಷ ತಡಿಯೂಣು. ಮುಂದಿನ ಬೆಳಿನೂ ಹಿಂಗ ಬಂದ್ರ ಉಣ್ಣೂಣು" ಎಂದರು. ಆ ಹೊತ್ತಿಗೆ ಅವರಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತಿತ್ತು. ಮುಂದಿನ ಬೆಳೆ ತೆನೆಯೊಡೆಯುವ ಮುಂಚೆಯೇ ತೀರಿಕೊಂಡರು. ಆಸ್ಪತ್ರೆಯ ಕಾಗದದಲ್ಲಿ ದಮ್ಮು ಎಂದು ಬರೆದಿದ್ದರು. ಯಾವ ಹಬೆಯಿಂದ ಬಂದ ದಮ್ಮು ಎಂದು ಬರೆಯಲು ಅಲ್ಲೂ ಜಾಗವಿರಲಿಲ್ಲ.

ಮೂರನೆಯ ದಿನ ಶೇಟಜಿ ದೊಡ್ಡ ಹಾರ ಹಿಡಿದು ಬಂದರು. ಕೂತಿದ್ದವರಿಗೆ ಕೇಳುವಂತೆ, "ಛಲೋ ಮನಶ್ಯಾ. ಸುಮ್ಮ ತಲ್ಯಾಗ ಏನರೆ ತುಂಬ್ಕೊಂಡ. ಜಮೀನಂತೂ ಚೊಕ್ಕ ಐತಿ, ಸರಕಾರದ ಕಾರ್ಡ ಐತಿ ನನ್ನ ಹಂತ್ಯಾಕ" ಎಂದರು.

ನಾನು ಎದ್ದು ನಿಂತೆ. "ಆ ಕಾರ್ಡ ಬರದಾಕಿ ನಾನರೀ. ನೀವು ಸುರುವಿದ್ದನ್ನ ನಾವು ಅದರಾಗ ನೋಡೇ ಇಲ್ಲ. ನೋಡಿದ ಕಾಗದ ನನ್ನ ಹಂತ್ಯಾಕ ಐತಿ, ಓದ್ಲೇನ್ರಿ?"

ಕಾಕು ಕೂತಲ್ಲಿಂದಲೇ ಹೇಳಿದಳು: "ಹಾರಾ ವಾಪಸ್ ಒಯ್ರಿ ಶೇಟಜಿ. ಗಟಾರ ಬಂದ್ ಮಾಡಿದ ದಿವಸ ಬರ್‍ರಿ."

ಶೇಟಜಿ ದೂರು ಕೊಟ್ಟಿರಬೇಕು, ವಾರದೊಳಗೆ ಕಚೇರಿಯಲ್ಲಿ ನನ್ನ ಕೈಗೆ ಮೆಮೊ ಬಂತು. ಅದಕ್ಕೆ ಉತ್ತರ ಬರೆದು ಅದೇ ಕುರ್ಚಿಯಲ್ಲಿ ನಿವೃತ್ತಿಯವರೆಗೂ ಕೂತೆ. ಮಣ್ಣು ತಂದ ಪ್ರತಿಯೊಬ್ಬ ರೈತನನ್ನೂ ಮೊದಲು, ಹೊಲಕ್ಕೆ ನೀರು ಎಲ್ಲಿಂದ ಬರುತ್ತದೆ, ಮೇಲ್ಗಡೆ ಏನಿದೆ ಎಂದು ಕೇಳಿದೆ. ಫಾರಮ್ಮಿನಲ್ಲಿ ಜಾಗವಿಲ್ಲದಿದ್ದರೆ ಬೆನ್ನಿಗೆ ಬರೆದೆ. ಅದನ್ನು ಕಲಿಸಿದವರು ಓದು ಬರಹ ಬಾರದ ಒಬ್ಬ ಪ್ಲೇಟಿಂಗ್ ಕೆಲಸಗಾರ.

ಗಟಾರ ಹರಿಯುತ್ತಲೇ ಇತ್ತು. ಶೇಟಜಿ ಕಾಕುವಿನ ಮನೆಗೆ ಮತ್ತೆ ಬರಲಿಲ್ಲ.