ಅತ್ತಿಗೆಯ ಮುಖ, ಅತ್ತಿಗೆಯ ಅಂಗೈ

ಅಣ್ಣ ತಾಮ್ರದ ಫಲಕದ ಮೇಲೆ ಚಿತ್ರ ಕೊರೆಯುತ್ತಾನೆ, ಅತ್ತಿಗೆ ಅದಕ್ಕೆ ಮಸಿ ತುಂಬಿ ಕಾಗದಕ್ಕೆ ಅಚ್ಚು ಇಳಿಸುತ್ತಾರೆ. ಚಿತ್ರದ ಮೂಲೆಯಲ್ಲಿನ ಸಹಿ ಅಣ್ಣನದು. ಇಪ್ಪತ್ತೆಂಟು ವರ್ಷದಿಂದ ಉಗುರುಸಂದಿಯ ಮಸಿ ಅತ್ತಿಗೆಯದು. ಮನೆಯ ಮೂರನೆಯವನು ನಾನು. ಕೂತು ಬರೆಯುವುದು ನನ್ನ ಕೆಲಸ. ಅದರಲ್ಲಿ ಕೂರುವುದನ್ನಂತೂ ಶ್ರದ್ಧೆಯಿಂದ ಮಾಡುತ್ತೇನೆ.

ಬೆರಳು ಮಡಿಸಲಾಗದಷ್ಟು ನೋವು ಬಂದ ಮೇಲೆ ಅತ್ತಿಗೆ, "ಇನ್ನು ನನ್ ಕೈಲಾಗಲ್ಲ" ಅಂದರು.

ಅಣ್ಣ ಮಾತು ಕೊಟ್ಟ: "ನಿನ್ನದೇ ಒಂದು ಮುಖ ಕೊರೀತೀನಿ. ಅದೇ ಕೊನೇದು. ಆಮೇಲೆ ನೀನುಂಟು, ನಿನ್ನ ಹಾಸಿಗೆಯುಂಟು."

ಹನ್ನೆರಡು ದಿನ ಅವರನ್ನು ಕಿಟಕಿ ಪಕ್ಕ ಕೂರಿಸಿ, ಮೇಣ ಬಳಿದ ಫಲಕವನ್ನು ಸೂಜಿಯಿಂದ ಗೀರಿದ. ಗೀರಿದ ಕಡೆ ತಾಮ್ರ ಕರಗಲೆಂದು ಆಸಿಡ್ ತಟ್ಟೆಯಲ್ಲಿಟ್ಟು, "ಹತ್ತೇ ನಿಮಿಷ, ನೋಡ್ಕೋ" ಎಂದು ಹೊರಗೆ ಹೋದ. ಅತ್ತಿಗೆ ಸ್ಟೂಲಿನ ಮೇಲೆ ಕೂತರು. ಕೂತರೆ ಸಾಕು, ಅವರಿಗೆ ನಿದ್ದೆ. ಎಚ್ಚರಾದಾಗ ಮುಕ್ಕಾಲು ಗಂಟೆ ಕಳೆದಿತ್ತು.

ಫಲಕ ತೊಳೆದು ನೋಡಿದ ಅಣ್ಣ ತಲೆ ಮೇಲೆ ಕೈ ಹೊತ್ತ. ಕಣ್ಣಿನ ಕೆಳಗಿನ ಗೆರೆಗಳು ಕಾಲುವೆಗಳಾಗಿದ್ದವು. ಮೇಣ ಕಿತ್ತುಬಂದು ಕೆನ್ನೆಯ ತುಂಬ ಸಣ್ಣ ಸಣ್ಣ ಕುಳಿ.

"ಮತ್ತೆ ಮೊದಲಿಂದ ಕೂರಬೇಕು ನೀನು."

"ನಾನಾ? ಸತ್ರೂ ಇಲ್ಲ. ಇದನ್ನೇ ಇಳಿಸ್ತೀನಿ, ಇರಿ."

ಮಸಿ ತುಂಬಿ, ಗೆರೆಯೊಳಗಿನದು ಉಳಿಯುವಂತೆ ಮೇಲಿನದನ್ನು ಅಂಗೈಯಿಂದ ಒರೆಸಿದರು. ಹಣೆಯನ್ನು ಎರಡು ಸಲ ಒರೆಸಿದರು, ಬೆಳಕು ಬಂತು. ಕತ್ತಿನ ಬಳಿ ಕೈ ಹಗುರ ಮಾಡಿದರು, ನೆರಳು ಉಳಿಯಿತು. ಕಾಗದ ಒತ್ತಿ ಎತ್ತಿದಾಗ ಕುಳಿಗಳೆಲ್ಲ ಚರ್ಮವಾಗಿದ್ದವು. ದಿನಾ ನಮ್ಮ ನಡುವೆ ಓಡಾಡುವ ದಣಿವನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಇದು ನಾನೇ," ಎಂದರು ಅತ್ತಿಗೆ. "ಪಾಪ, ಯಾರಾದ್ರೂ ಮಲಗಿಸ್ರಪ್ಪ ಇವಳನ್ನ."

ಮಲಗಿಸುವವರಾರು? ಪ್ರದರ್ಶನದಲ್ಲಿ ಇಟ್ಟದ್ದೇ ತಡ, ಮೂವತ್ತು ಜನ ಪ್ರತಿ ಕೇಳಿದರು. ಆ ಗೆರೆ ಹೇಗೆ ತಂದಿರಿ ಎಂದವರಿಗೆ ಅಣ್ಣ, "ಸಾಧನೆ" ಎಂದು ಗಡ್ಡ ನೀವಿಕೊಂಡ.

ಅತ್ತಿಗೆಗೆ ಬಿಡುವು ಕೊಡೋಣವೆಂದು ನಾನೇ ಮುಂದಾದೆ. ಅಂಗೈಗೆ ಮಸಿಯಾದೀತೆಂದು ಬಟ್ಟೆಯಲ್ಲಿ ಉಜ್ಜಿದೆ. ಅದು ಗೆರೆಯೊಳಗಿನ ಮಸಿಯನ್ನೂ ಎಳೆದುಕೊಂಡು ಬಂತು. ಕಾಗದದ ಮೇಲೆ ಮೂಡಿದ್ದು ನುಣುಪು ಕೆನ್ನೆಯ ಮದುವೆ ಹೆಣ್ಣು.

"ಸಾಹಿತಿಗಳೇ, ಇಪ್ಪತ್ತೆಂಟು ವರ್ಷ ಒಂದೇ ಏಟಿಗೆ ಒರೆಸಿ ಹಾಕಿದ್ರಲ್ಲ! ಸರೀರಿ ಆಚೆ."

ಹಾಗಾಗಿ ಅವರೇ ಒರೆಸುತ್ತಿದ್ದಾರೆ. ಇವತ್ತು ಹದಿನೇಳನೆಯ ಪ್ರತಿ. ನೋಡಲಾಗದೆ ಸ್ಟೂಲು ಎಳೆದುಕೊಟ್ಟೆ.

"ಬೇಡಪ್ಪ. ಕೂತ್ರೆ ನಿದ್ದೆ ಬರುತ್ತೆ. ನಿದ್ದೆ ಬಂದ್ರೆ ನಿಮ್ಮಣ್ಣಂದು ಇನ್ನೊಂದು ಒಳ್ಳೇ ಚಿತ್ರ ಆಗ್ಬಿಡುತ್ತೆ."