ಲಾಲಿಯಜ್ಜಿಯ ಮೇಲೆ ನಾನು ಹೊರಿಸಿದ ವಾಸನೆ

ಲಾಲಿಯಜ್ಜಿ ಎಂಬ ಹೆಸರು ನನ್ನ ಮಗಳು ಇಟ್ಟದ್ದು. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಕಸ ಗುಡಿಸಿದ ಆ ಹೆಂಗಸಿಗೆ ಲಾಲಿಹಾಡು ಒಂದೂ ಬರುತ್ತಿರಲಿಲ್ಲ. ಬಸ್ ನಿಲ್ದಾಣಗಳ ಹೆಸರನ್ನೇ ಸಾಲಾಗಿ ಜೋಡಿಸಿ ಗುನುಗುತ್ತಿದ್ದರು. ಕೊನೆಯ ನಿಲ್ದಾಣ ಮುಟ್ಟುವ ಮೊದಲೇ ಮಗುವಿಗೆ ನಿದ್ದೆ.

ನಾನು ಕೆಲಸಕ್ಕೆ ಹೋದ ಒಂದೂವರೆ ವರ್ಷ ಮಗಳನ್ನು ನೋಡಿಕೊಂಡವರು ಅವರೇ. ಈ ಸೆಕೆಗಾಲದಲ್ಲಿ ಮಗಳಿಗೆ ಕೆಮ್ಮು ಶುರುವಾಯಿತು. ಸಂಜೆ ಬಂದು ಕೋಣೆಯ ಬಾಗಿಲು ತೆರೆದರೆ, ಒಣಗದ ಬಟ್ಟೆ ಮಡಿಸಿಟ್ಟಂಥ ಮುಗ್ಗಲು ವಾಸನೆ. ಒಳಗೆ ಮಗಳನ್ನು ಎದೆಗವಚಿಕೊಂಡು ಅಜ್ಜಿ. ನಾನಿಲ್ಲದಾಗ ಅವರು ಎಸಿ ಆರಿಸಿ ಕಿಟಕಿ ತೆರೆದಿಟ್ಟು, ನಾನು ಬರುವ ಹೊತ್ತಿಗೆ ಮತ್ತೆ ಹಾಕುತ್ತಿದ್ದರು. ಈ ಗಾಳಿ ಸರಿಯಿಲ್ಲಮ್ಮಾ ಎಂದು ಎರಡು ಸಲ ಹೇಳಿಯೂ ಇದ್ದರು. ವಯಸ್ಸಾದವರಿಗೆ ಯಂತ್ರವೆಂದರೆ ಆಗುವುದಿಲ್ಲ ಎಂದುಕೊಂಡು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ, ಬಹಳ ನಯವಾಗಿ, ನಾನೇ ಹೇಳಿದೆ: “ಅಜ್ಜಿ, ಸೀರೆ ಚೆನ್ನಾಗಿ ಒಣಗಿಸಿ ಉಟ್ಕೊಂಡು ಬನ್ನಿ. ಆ ವಾಸನೆ ಮಗೂಗೆ ಆಗ್ತಿಲ್ಲ.”

ಅವರು ಸೆರಗಿನ ತುದಿ ಮೂಸಿ ನೋಡಿಕೊಂಡರು. ಮರುದಿನ ಇಸ್ತ್ರಿ ಮಾಡಿದ ಸೀರೆ, ಬೇರೆ ಸೋಪು. ಮಗುವನ್ನು ಎದೆಗೆ ಒರಗಿಸಿಕೊಳ್ಳುವುದನ್ನು ಬಿಟ್ಟು, ಮಂಡಿಯ ಮೇಲೆ ದೂರ ಕೂರಿಸಿಕೊಳ್ಳತೊಡಗಿದರು. ‘ಅಜ್ಜಿ ಈಗ ಪರವಾಗಿಲ್ಲ’ ಎಂದು ನಾನು ಡೈರಿಯಲ್ಲಿ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕಿಲ್ಲ, ಇರಲಿ. ಕೆಮ್ಮು ಮಾತ್ರ ಹೋಗಲಿಲ್ಲ. ತಿಂಗಳ ಕೊನೆಗೆ, ಇನ್ನು ಬರುವುದು ಬೇಡ ಎಂದೆ.

ಅವರು ಹೋಗಿ ಮೂರು ವಾರವಾದರೂ ಕೆಮ್ಮು ಹಾಗೇ ಇತ್ತು, ಜೊತೆಗೆ ಉಸಿರಿನಲ್ಲಿ ಸಿಳ್ಳೆ. ಮನೆಯಿಂದ ಹೊರಗಿದ್ದಾಗ ಕಡಿಮೆಯಾಗುತ್ತದೆಯೇ ಎಂದು ಡಾಕ್ಟರ್ ಕೇಳಿದರು. ಹೌದು, ತವರಿನಲ್ಲಿ ನಾಲ್ಕು ದಿನ ಒಮ್ಮೆಯೂ ಕೆಮ್ಮಿರಲಿಲ್ಲ. ಔಷಧಿ ಬರೆದುಕೊಟ್ಟು, ಎಸಿಯೊಳಗೆ ಬೂಷ್ಟು ಬೆಳೆದರೆ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಮೊದಲು ಬಿಚ್ಚಿಸಿ ನೋಡಿ ಎಂದರು.

ಪ್ರತಿ ತಿಂಗಳೂ ಜಾಲರಿ ತೊಳೆಯುತ್ತೇನೆ ಎಂದು ಮೆಕ್ಯಾನಿಕ್ ಮುಂದೆ ಜಂಬ ಕೊಚ್ಚಿಕೊಂಡೆ. “ಮುಖ ತೊಳ್ಕೊಂಡು ಹಲ್ಲುಜ್ಜದೆ ಬಿಟ್ಟ ಹಾಗಾಯ್ತು, ಮೇಡಂ,” ಎಂದು ಅವನು ಮುಚ್ಚಳ ತೆಗೆದ. ಗಾಳಿ ದೂಡುವ ಉರುಳೆಯ ಮೇಲೆ ಕಪ್ಪು ಬೂಷ್ಟು. ನೀರು ಹೋಗುವ ಪೈಪು ಕಟ್ಟಿಕೊಂಡು ತಟ್ಟೆಯಲ್ಲಿ ಲೋಳೆ. ಅದೇ ವಾಸನೆ ಕೋಣೆ ತುಂಬಿತು.

ಭಾನುವಾರ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಹೊಸಿಲಲ್ಲೇ ನಿಂತು ಎಲ್ಲ ಹೇಳಿದೆ, ತಪ್ಪಾಯಿತು ಎಂದೆ. ಅವರು ಮೊದಲು ಕೇಳಿದ್ದು ಮಗು ಈಗ ಹೇಗಿದೆ ಎಂದು. ಉಸಿರು ತಿಳಿಯಾಗಿದೆ, ಮತ್ತೆ ಬನ್ನಿ ಎಂದೆ. ಅಡ್ಡಡ್ಡ ತಲೆಯಾಡಿಸಿದರು.

“ಬರೋದು ಆಮೇಲೆ ನೋಡೋಣ. ಕೆಲಸ ಬಿಡಿಸಿದ್ಯಾಕೆ ಅಂತ ಸೊಸೆ ಕೇಳಿದ್ಲು, ಹೇಳ್ಬಿಟ್ಟೆ. ಆವತ್ತಿಂದ ಮೊಮ್ಮಗನ್ನ ನನ್ ಪಕ್ಕ ಮಲಗಿಸ್ತಿಲ್ಲ. ಬಾಯಲ್ಲಿ ಏನೂ ಅನ್ನಲ್ಲ ಪಾಪ, ನಿನ್ ಥರಾನೇ ನಯ.” ಹೇಳಿ ತಾವೇ ನಕ್ಕರು. ನನ್ನ ಮುಖ ಎಲ್ಲಿಡಲಿ?

“ಒಳಗೆ ಬಾ. ನಂಗೆ ಹೇಳಿದ್ದನ್ನ ಅವಳಿಗೂ ಹೇಳು.”

ಅಡುಗೆಮನೆಯಲ್ಲಿ ಸೊಸೆ ಮಗುವಿಗೆ ತುತ್ತು ಕೊಡುತ್ತಿದ್ದಳು. ಪರಿಚಯವಿಲ್ಲದ ಆ ಹುಡುಗಿಯ ಎದುರು ನೆಲದ ಮೇಲೆ ಕುಳಿತು, ವಾಸನೆ ನಮ್ಮ ಮನೆಯ ಎಸಿಯದು, ನಿಮ್ಮ ಅತ್ತೆಯದಲ್ಲ ಎಂದೆ. ಅವಳು ಕೈಯಲ್ಲಿದ್ದ ತುತ್ತನ್ನು ಕೊಟ್ಟು ಮುಗಿಸಿದಳು. ಮಗುವಿನ ಬಾಯಿ ಒರೆಸಿ, ಎತ್ತಿ, ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ಚಾಚಿದಳು.